ಹಳೇ ಡೆಸ್ಕ್‌ಟಾಪ್‌ಗೆ ಬೆಲೆ ಕಟ್ಟೋದು ಹೇಗೆ ಅನ್ನೋದನ್ನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಹಳೇ ಆ್ಯಪಲ್ ಕಂಪ್ಯೂಟರ್ ಒಂದು ಹರಾಜಲ್ಲಿ ಭಾರೀ ಮೊತ್ತಕ್ಕೆ ಹೋಯ್ತು ಅನ್ನೋ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರ್ತಾನೇ ಇರತ್ತೆ, ಫೋಟೋ ಸಮೇತ. ಸುದ್ದಿ ಸುಳ್ಳಲ್ಲ. 1976ರ ಆ್ಯಪಲ್ 1 ಒಂದು 2014ರಲ್ಲಿ ಬೊನಾಮ್ಸ್ ಹರಾಜಲ್ಲಿ 9,05,000 ಡಾಲರ್‌ಗೆ ಹೋಗಿದ್ದು ನಿಜ, ಅದನ್ನ ತಗೊಂಡಿದ್ದು ಅಮೆರಿಕದ ಹೆನ್ರಿ ಫೋರ್ಡ್ ಮ್ಯೂಸಿಯಂನವರು. ಆದ್ರೆ ಆ ಸುದ್ದಿ ಅಲ್ಲಿಗೇ ನಿಂತುಬಿಡತ್ತೆ. ಓದಿದವರು ಅಟ್ಟ ಹತ್ತಿ ತಮ್ಮ ಹಳೇ ಡೆಸ್ಕ್‌ಟಾಪ್ ಇಳಿಸಿ, ಧೂಳು ಕೊಡವಿ, ಬಾಯಿಗೆ ಬಂದ ಬೆಲೆ ಹಾಕಿ ಆನ್‌ಲೈನಲ್ಲಿ ಇಡ್ತಾರೆ, ಯಾರೂ ಕೇಳಲ್ಲ, ಆರು ತಿಂಗಳು ಕಾಯ್ತಾರೆ, ಆಮೇಲೆ ಬೇಜಾರಾಗಿ ಅದೇ ಮಷೀನನ್ನ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕ್ತಾರೆ. ಅದರಲ್ಲಿ ಕೆಲವು ನಿಜವಾಗ್ಲೂ ಒಳ್ಳೇ ಬೆಲೆ ಬಾಳೋ ಮಷೀನುಗಳೇ ಆಗಿರ್ತವೆ, ಅದೇ ಸಂಕಟ. ಹಳೇ ಮಷೀನು ರಿಪೇರಿ ಮಾಡೋದು, ಕೂಡಿಡೋದು ನನ್ನ ಬಹಳ ವರ್ಷದ ಹವ್ಯಾಸ, ಹಾಗಾಗಿ "ಇದಕ್ಕೆ ಎಷ್ಟು ಬರಬಹುದು ನೋಡಿ ಹೇಳಿ" ಅಂತ ಜನ ಕೇಳ್ತಾನೇ ಇರ್ತಾರೆ. ಅವರಿಗೆ ನಾನು ಹೇಳೋದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೀತಿದೀನಿ, ಉದ್ದ ಆದ್ರೂ ದಯವಿಟ್ಟು ಪೂರ್ತಿ ಪ್ರಕಟಿಸಿ.

ಮೊದಲು ಆ ಆ್ಯಪಲ್ 1 ವಿಷಯಕ್ಕೇ ಬರೋಣ. ಅದಕ್ಕೆ ಅಷ್ಟು ದುಡ್ಡು ಬಂದಿದ್ದು ಅದು ಹಳೇದು ಅಂತಲ್ಲ. ಮಾಡಿದ್ದೇ ಸುಮಾರು 200. ಆಗ ಅದರ ಬೆಲೆ 666.66 ಡಾಲರ್, ಅದಕ್ಕೆ ಬರ್ತಿದ್ದಿದ್ದು ಜೋಡಿಸಿದ ಒಂದು ಬೋರ್ಡ್ ಮಾತ್ರ, ಕ್ಯಾಬಿನೆಟ್ಟು ಕೀಬೋರ್ಡು ಪವರ್ ಸಪ್ಲೈ ಎಲ್ಲಾ ತಗೊಂಡವರೇ ಹೊಂದಿಸ್ಕೋಬೇಕಿತ್ತು. 1977ರಲ್ಲಿ ಆ್ಯಪಲ್ 2 ಬಂದ್ಮೇಲೆ ಕಂಪನಿಯವರೇ ಹಳೇ ಬೋರ್ಡುಗಳನ್ನ ವಾಪಸ್ ತಗೊಂಡು ಹೊಸದು ಕೊಟ್ಟು, ವಾಪಸ್ ಬಂದಿದ್ದನ್ನ ಎಷ್ಟೋ ನಾಶ ಮಾಡಿದ್ರು. ಅಂದ್ರೆ ಮೊದಲೇ ಕಮ್ಮಿ, ಅದರಲ್ಲೂ ಉಳಿದಿದ್ದು ಇನ್ನೂ ಕಮ್ಮಿ, ಬೇಕು ಅನ್ನೋ ಮ್ಯೂಸಿಯಮ್ಮುಗಳು, ದುಡ್ಡಿರೋ ಸಂಗ್ರಾಹಕರು ಮಾತ್ರ ಬೇಕಾದಷ್ಟು. ಇಷ್ಟೂ ಒಟ್ಟಿಗೆ ಸೇರಿದ್ದಕ್ಕೆ ಆ ಬೆಲೆ.

ಅದರ ಪಕ್ಕದಲ್ಲಿ ಕಮೊಡೋರ್ 64 ಅನ್ನೋ ಮನೆ ಬಳಕೆಯ ಕಂಪ್ಯೂಟರ್ ಇಟ್ಟು ನೋಡಿ. ಅದು 1982ರದ್ದು, ಅದಕ್ಕೂ ನಲವತ್ತು ವರ್ಷ ದಾಟಿದೆ, ಜನ ಅದನ್ನ ಪ್ರೀತಿಸೋದರಲ್ಲೂ ಏನೂ ಕಮ್ಮಿ ಇಲ್ಲ. ಆದ್ರೆ 1994ರ ತನಕ ಮಾಡ್ತಾನೇ ಇದ್ರು, ಕಮ್ಮಿ ಅಂದ್ರೂ 1.25 ಕೋಟಿ ಮಷೀನು ಮಾರಾಟ ಆಗಿದೆ ಅಂತ ಲೆಕ್ಕ. ಇವತ್ತೂ ಹುಡುಕಿದ್ರೆ ಸಿಗತ್ತೆ. ಹಾಗಾಗಿ ಬೆಲೆ ಇದೆ, ಆದ್ರೆ ಹರಾಜಿನ ಸುದ್ದಿ ಆಗೋ ಬೆಲೆ ಅಲ್ಲ.

ಇನ್ನೊಂದು ಉದಾಹರಣೆ ಲಿಸಾ. 1983ರಲ್ಲಿ ಆ್ಯಪಲ್ ಅದನ್ನ 9,995 ಡಾಲರ್‌ಗೆ ತಂತು, ಅದರಲ್ಲಿ ಟ್ವಿಗಿ ಅಂತ ಕರೀತಿದ್ದ ಎರಡು ಫ್ಲಾಪಿ ಡ್ರೈವ್ ಇರ್ತಿತ್ತು, ಅವು ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಮರುವರ್ಷ ಲಿಸಾ 2 ಬಂತು, ಹಳೇ ಲಿಸಾ ಇದ್ದವರಿಗೆ ಕಂಪನಿ ಪುಕ್ಕಟೆಯಾಗಿ ಅಪ್‌ಗ್ರೇಡ್ ಮಾಡ್ಕೊಡ್ತು, ಟ್ವಿಗಿ ಡ್ರೈವ್ ಕಿತ್ತು ವಾಪಸ್ ತಗೊಂಡ್ರು. ಅದಕ್ಕೇ ಇವತ್ತು ಟ್ವಿಗಿ ಡ್ರೈವ್ ಇನ್ನೂ ಹಾಗೇ ಇರೋ ಲಿಸಾ ಸಿಕ್ಕಿದ್ರೆ ಅದಕ್ಕೂ ಲಿಸಾ 2ಕ್ಕೂ ಬೆಲೆಯಲ್ಲಿ ಅಜಗಜಾಂತರ. ಸರಿಯಾಗಿ ಓಡದ ಡ್ರೈವೇ ಇವತ್ತು ಬೆಲೆ ಏರಿಸ್ತಿದೆ! ಹಳೇದು, ಹೊಸದು, ಅವತ್ತಿನ ದರ, ಅವತ್ತಿನ ಹೆಸರು, ಇದ್ಯಾವುದೂ ನೇರವಾಗಿ ಇವತ್ತಿನ ಬೆಲೆ ಹೇಳಲ್ಲ. "ಆವಾಗ ಇದಕ್ಕೆ ಎಷ್ಟು ಸುರಿದಿದ್ವಿ ಗೊತ್ತಾ" ಅಂತ ತುಂಬಾ ಜನ ಶುರು ಮಾಡ್ತಾರೆ, ಅವರ ಬೇಜಾರು ಅರ್ಥ ಆಗತ್ತೆ, ಆದ್ರೆ ತಗೊಳ್ಳೋನಿಗೆ ಆ ಲೆಕ್ಕ ಬೇಕಾಗಿಲ್ಲ.

ಹಾಗಾದ್ರೆ ಎಲ್ಲಿಂದ ಶುರು ಮಾಡ್ಬೇಕು? ಇದೇ ಮಾಡೆಲ್ಲು ನಿಜವಾಗಿ ಎಷ್ಟಕ್ಕೆ ಮಾರಾಟ ಆಗಿದೆ ಅನ್ನೋದರಿಂದ. ಇಲ್ಲೇ ಹತ್ತರಲ್ಲಿ ಒಂಬತ್ತು ಜನ ದಾರಿ ತಪ್ಪೋದು. ಇಬೇ ಅನ್ನೋ ಆನ್‌ಲೈನ್ ಮಾರಾಟದ ತಾಣದಲ್ಲಿ ಹುಡುಕಿದ್ರೆ ಮೊದಲು ಕಾಣೋದು ಜನ ಕೇಳ್ತಿರೋ ಬೆಲೆ. ಒಬ್ಬ ತಲೆಬುಡ ಇಲ್ಲದ ಬೆಲೆ ಹಾಕಿರ್ತಾನೆ, ಅದನ್ನ ನೋಡಿ ಇನ್ನೊಬ್ಬ ಅದಕ್ಕಿಂತ ಸ್ವಲ್ಪ ಕಮ್ಮಿ ಹಾಕ್ತಾನೆ, ಮೂರನೆಯವನು ಇಬ್ಬರನ್ನೂ ನೋಡಿ "ಓ ಇದೇ ಮಾರ್ಕೆಟ್ ರೇಟು" ಅಂದ್ಕೋತಾನೆ, ಆದ್ರೆ ಮೂರೂ ವರ್ಷಗಟ್ಟಲೆ ಅಲ್ಲೇ ಕೂತಿರತ್ತೆ, ಒಂದೂ ಹೋಗಿರಲ್ಲ. ಅದೇ ಪೇಜಲ್ಲಿ ಮಾರಾಟ ಆದವು ಮಾತ್ರ ತೋರಿಸು ಅನ್ನೋ ಫಿಲ್ಟರ್ ಇದೆ, ಅದನ್ನ ಒತ್ತಿದ್ರೆ ಹಿಂದಿನ ಸುಮಾರು 90 ದಿನದಲ್ಲಿ ಕೈ ಬದಲಾದ ಮಷೀನುಗಳು ಮಾತ್ರ ಬರತ್ತೆ. ಕೆಲವಕ್ಕೆ ಬೆಲೆ ಮೇಲೆ ಗೆರೆ ಎಳೆದಿರತ್ತೆ, ಅಂದ್ರೆ ಚೌಕಾಸಿ ಆಗಿ ಅದಕ್ಕಿಂತ ಕಮ್ಮಿಗೆ ಹೋಗಿದೆ ಅಂತ, ಹಾಗಾಗಿ ಅಲ್ಲಿ ಕಾಣೋ ಅಂಕಿಯನ್ನ ನಂಬಬಾರದು. ಅಪರೂಪದ ಮಾಡೆಲ್ ಆದ್ರೆ 90 ದಿನದಲ್ಲಿ ಒಂದೂ ಇರಲ್ಲ, ಆಗ ಹರಾಜು ಮನೆಗಳ ಹಳೇ ಫಲಿತಾಂಶ ಹುಡುಕ್ಬೇಕು, ಸಂಗ್ರಾಹಕರ ಗುಂಪುಗಳಲ್ಲಿ ಕೇಳ್ಬೇಕು. ಒಂದೇ ಒಂದು ಮಾರಾಟ ನೋಡಿ ತೀರ್ಮಾನಕ್ಕೆ ಬರಬೇಡಿ, ಯಾರೋ ಇಬ್ಬರು ಹಠಕ್ಕೆ ಬಿದ್ದು ಏರಿಸಿರಬಹುದು. ತುಂಬಾ ಮೇಲಿನದ್ದು ಬಿಡಿ, ತುಂಬಾ ಕೆಳಗಿನದ್ದೂ ಬಿಡಿ, ಮಧ್ಯದಲ್ಲಿ ಗುಂಪಾಗಿ ಸಿಗೋ ಬೆಲೆ ನೋಡಿ.

ಆದ್ರೆ ಇದೇ ಮಾಡೆಲ್ಲು ಅಂದ್ನಲ್ಲ, ನಿಮ್ಮ ಹತ್ರ ಇರೋದು ಯಾವ ಮಾಡೆಲ್ಲು ಅನ್ನೋದು ಖಚಿತ ಆಗದೇ ಹೋಲಿಸಿ ಉಪಯೋಗ ಇಲ್ಲ. "ಹಳೇ ಐಬಿಎಂ", "ಹಳೇ ಮ್ಯಾಕ್" ಅಂದ್ರೆ ಏನೂ ಹೇಳ್ದಂಗಾಗಲ್ಲ. ಐಬಿಎಂ ಪಿಸಿ 5150, 1981ರ ಆಗಸ್ಟ್ 12ಕ್ಕೆ ಬಂದಿದ್ದು, ಇಂಟೆಲ್ 8088 ಪ್ರೊಸೆಸರ್, 4.77 ಮೆಗಾಹರ್ಟ್ಸ್. ಅದರಲ್ಲೇ ಮೊದಮೊದಲು ಬಂದ ಮದರ್‌ಬೋರ್ಡಲ್ಲಿ 16ರಿಂದ 64 ಕೆಬಿ ಮೆಮೊರಿ ಕೂರ್ತಿತ್ತು, ಆಮೇಲಿನದ್ದರಲ್ಲಿ 64ರಿಂದ 256 ಕೆಬಿ. ಬೋರ್ಡ್ ಮೇಲೇ ಇದನ್ನ ಅಚ್ಚು ಹಾಕಿರತ್ತೆ, ಮುಚ್ಚಳ ತೆಗೆದು ನೋಡಿದ್ರೆ ಕಾಣತ್ತೆ. ಸಂಗ್ರಾಹಕರಿಗೆ ಮೊದಲನೇದು ಬೇಕು, ಅದಕ್ಕೆ ಜಾಸ್ತಿ ಕೊಡ್ತಾರೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ ತರ ಬೂದು ಡಬ್ಬಿ.

ಆ್ಯಪಲ್‌ನ ಮ್ಯಾಕಿಂತೋಷ್, ಅಂದ್ರೆ ಮ್ಯಾಕ್ ವಿಷಯದಲ್ಲಿ ಇನ್ನೂ ಹುಷಾರಾಗಿರ್ಬೇಕು. 1984ರ ಜನವರಿ 24ಕ್ಕೆ ಬಂದ ಮೊದಲ ಮ್ಯಾಕ್‌ನ ಹಿಂದೆ ಬರೀ ಮ್ಯಾಕಿಂತೋಷ್ ಅಂತ ಇರತ್ತೆ, ಮೆಮೊರಿ ಜಾಸ್ತಿ ಇದ್ದ 512ಕೆ ಮಾಡೆಲ್ಲು ಬಂದ್ಮೇಲೆ ವ್ಯತ್ಯಾಸ ಗೊತ್ತಾಗ್ಲಿ ಅಂತ ಮ್ಯಾಕಿಂತೋಷ್ 128ಕೆ ಅಂತ ಹಾಕೋಕೆ ಶುರು ಮಾಡಿದ್ರು. ಆಮೇಲೆ ಎಷ್ಟೋ ಜನ ತಮ್ಮ 128ಕೆ ಮಷೀನನ್ನ 512ಕೆಗೆ, ಆಮೇಲಿನ ಮ್ಯಾಕಿಂತೋಷ್ ಪ್ಲಸ್‌ಗೆ ಏರಿಸ್ಕೊಂಡ್ರು, ಪ್ಲಸ್‌ಗೆ ಏರಿಸುವಾಗ ಒಳಗಿನ ಬೋರ್ಡು, ಹಿಂದಿನ ಕವರ್ರು ಎರಡೂ ಬದಲಾಗ್ತಿತ್ತು, ಹಾಗಾಗಿ ಮುಂದಿನ ಮುಖ ಒಂದು ಮಾಡೆಲ್ಲಿನದು, ಹಿಂದಿನ ಬೆನ್ನು ಇನ್ನೊಂದರದ್ದು ಆಗಿರೋ ಮಷೀನುಗಳು ಸಾಕಷ್ಟಿವೆ. ಏರಿಸಿದ್ದು ಅವತ್ತಿನ ಬಳಕೆಗೆ ಒಳ್ಳೇದೇ, ಇವತ್ತು ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿಸತ್ತೆ. ಇನ್ನೊಂದು, ಕವರ್ ಒಳಗಡೆ ಮ್ಯಾಕ್ ತಂಡದವರ ಸಹಿ ಅಚ್ಚಾಗಿರೋದನ್ನ ನೋಡಿ "ಅಪರೂಪದ್ದು ಸಿಕ್ತು" ಅಂತ ಖುಷಿಪಡೋರಿದ್ದಾರೆ. ಆ ಸಹಿಗಳು 512ಕೆಯಲ್ಲೂ ಇವೆ, ಪ್ಲಸ್ಸಲ್ಲೂ ಇವೆ. ನೋಡೋಕೆ ಬಹಳ ಚೆಂದ, ಆದ್ರೆ ಅದೊಂದರಿಂದ ಬೆಲೆ ಏರಲ್ಲ.

ಈಗ ನಾನು ತುಂಬಾ ಮುಖ್ಯ ಅಂದ್ಕೊಂಡಿರೋ ವಿಷಯ. ದಯವಿಟ್ಟು ಮಷೀನು ಇಳಿಸಿದ ತಕ್ಷಣ ಪ್ಲಗ್ ಹಾಕಿ ಸ್ವಿಚ್ ಒತ್ತಬೇಡಿ. ಆನ್ ಆಗತ್ತಾ ನೋಡೋಣ ಅಂತ ಎಲ್ಲರಿಗೂ ಆಸೆ ಇರತ್ತೆ, ಅದೇ ಒಂದು ನಿಮಿಷದಲ್ಲಿ ಅರ್ಧ ಬೆಲೆ ಹೋಗಿಬಿಡಬಹುದು. ಮೊದಲು ಮುಚ್ಚಳ ತೆಗೆದು ಬ್ಯಾಟರಿ ನೋಡ್ಬೇಕು.

386 ಇಲ್ಲಾ 486 ಅನ್ನೋ ಹಳೇ ಪ್ರೊಸೆಸರ್ ಇರೋ ಒಂದು ಪಿಸಿ ಬೋರ್ಡ್ ತಗೊಳ್ಳಿ. ಕೀಬೋರ್ಡ್ ಸಿಕ್ಕಿಸೋ ದುಂಡು ಸಾಕೆಟ್ ಇರತ್ತಲ್ಲ, ಬಹಳಷ್ಟು ಬೋರ್ಡಲ್ಲಿ ಅದರ ಹತ್ರಾನೇ ಒಂದು ಪುಟ್ಟ ಪೀಪಾಯಿ ಆಕಾರದ ಬ್ಯಾಟರಿಯನ್ನ ಬೋರ್ಡಿಗೇ ಬೆಸುಗೆ ಹಾಕಿರತ್ತೆ, ಸಾಮಾನ್ಯವಾಗಿ ನೀಲಿ ಇಲ್ಲಾ ಹಸಿರು ಬಣ್ಣದ್ದು. ಗಡಿಯಾರ, ಸೆಟ್ಟಿಂಗ್ ಎಲ್ಲಾ ನೆನಪಿಟ್ಕೊಳ್ಳೋಕೆ ಇದ್ದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಅದು. ಮೂವತ್ತು ವರ್ಷದಲ್ಲಿ ಅದರ ತುದಿ ಬಿರುಕು ಬಿಟ್ಟು ಒಳಗಿನ ಕ್ಷಾರ ಸೋರಿರತ್ತೆ. ಮೊದಲು ತುದಿಯಲ್ಲಿ ಬಿಳಿ ಪುಡಿ ಕಾಣತ್ತೆ, ಸುತ್ತಲಿನ ಬೆಸುಗೆಗಳು ಹೊಳಪು ಹೋಗಿ ಮಂಕಾಗಿರತ್ತೆ, ಚಿಪ್ಪುಗಳ ಕಾಲುಗಳ ಬುಡದಲ್ಲಿ ನೀಲಿ ಹಸಿರು ಕಿಲುಬು ಹತ್ತಿರತ್ತೆ, ಆಮೇಲೆ ಬೋರ್ಡಿನ ಹಸಿರು ಪದರದ ಅಡಿಯಲ್ಲಿ ಹೋಗೋ ತಾಮ್ರದ ಟ್ರ್ಯಾಕುಗಳು ಕಪ್ಪಗಾಗ್ತಾ ಹೋಗತ್ತೆ, ಉಗುರಲ್ಲಿ ಮೆಲ್ಲಗೆ ಕೆರೆದ್ರೆ ಪದರ ಚೂರು ಚೂರಾಗಿ ಎದ್ದು ಬರತ್ತೆ, ಕೆಳಗೆ ತಾಮ್ರಾನೇ ಇರಲ್ಲ. ಮೇಲಿಂದ ನೋಡಿದವರಿಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಕಲೆ ಅಷ್ಟೇ, ಆದ್ರೆ ಆ ಜಾಗದಲ್ಲೇ ಕೀಬೋರ್ಡ್ ಕಂಟ್ರೋಲರ್ ಇರತ್ತೆ, ಗಡಿಯಾರದ ಚಿಪ್ಪಿರತ್ತೆ, ಹಾಗಾಗಿ ಮಷೀನು ಆನ್ ಆಗಲ್ಲ, ಆನ್ ಆದ್ರೂ ಕೀಬೋರ್ಡ್ ಎರರ್ ಅಂತ ನಿಂತ್ಕೊಳ್ಳತ್ತೆ. ಸೋರಿಕೆ ಸಣ್ಣದಿದ್ರೆ ಬ್ಯಾಟರಿ ಕತ್ತರಿಸಿ ತೆಗೆದು, ಸ್ವಲ್ಪ ವಿನೆಗರ್ ಹಚ್ಚಿ ಕ್ಷಾರ ತಣಿಸಿ, ಶುದ್ಧ ನೀರಲ್ಲಿ ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದು, ಪೂರ್ತಿ ಒಣಗಿಸಿದ್ರೆ ಬೋರ್ಡ್ ಉಳಿಯತ್ತೆ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಆ ಪುಡಿ ಒಳ್ಳೇದಲ್ಲ. ಕಮೊಡೋರ್ ಕಂಪನಿಯದ್ದೇ ಆದ ಅಮಿಗಾ 2000, 3000, 4000 ಇವುಗಳಲ್ಲೂ ಇದೇ ಜಾತಿ ಬ್ಯಾಟರಿ, ಇದೇ ಕಥೆ. ಮಾರೋ ಯೋಚನೆ ಈಗ ಇಲ್ಲದಿದ್ರೂ ಆ ಬ್ಯಾಟರಿ ಮಾತ್ರ ಇವತ್ತೇ ತೆಗೆದುಬಿಡಿ, ಬಿಟ್ಟಷ್ಟು ದಿನವೂ ಅದು ಬೋರ್ಡನ್ನ ತಿಂತಾ ಇರತ್ತೆ.

ಬಹಳಷ್ಟು ಹಳೇ ಮ್ಯಾಕ್‌ಗಳಲ್ಲಿ ಲೀಥಿಯಂ ಬ್ಯಾಟರಿ, ಬೆರಳಿನ ಅರ್ಧದಷ್ಟುದ್ದ, 3.6 ವೋಲ್ಟ್. ಅದು ಒಡೆದ್ರೆ ಇನ್ನೂ ಕೆಟ್ಟದು, ಬೋರ್ಡಿನ ಜೊತೆ ಒಳಗಿನ ತಗಡೂ ತುಕ್ಕು ಹಿಡಿದು ಹೋಗತ್ತೆ. 1989ರ ಮ್ಯಾಕಿಂತೋಷ್ ಎಸ್ಇ/30 ಅಂದ್ರೆ ಸಂಗ್ರಾಹಕರು ಪ್ರಾಣ ಬಿಡ್ತಾರೆ, ಪುಟ್ಟ ಡಬ್ಬಿಯಲ್ಲಿ ಅಷ್ಟು ಶಕ್ತಿ ಇತ್ತು ಅದಕ್ಕೆ, ಆದ್ರೆ ಬ್ಯಾಟರಿ ಒಡೆದ ಎಸ್ಇ/30ಕ್ಕೂ ಚೊಕ್ಕಟವಾಗಿರೋದಕ್ಕೂ ಬೆಲೆ ಹೋಲಿಸೋಕೇ ಆಗಲ್ಲ. ಅದೇ ಬೋರ್ಡಲ್ಲಿ ಸಣ್ಣ ಸಣ್ಣ ಕೆಪಾಸಿಟರುಗಳೂ (ಕರೆಂಟನ್ನ ಸ್ವಲ್ಪ ಹೊತ್ತು ಹಿಡಿದಿಡೋ ಬಿಡಿ ಭಾಗಗಳು) ಸೋರ್ತವೆ, ಪರದೆ ಮೇಲೆ ಅಡ್ಡಡ್ಡ ಗೆರೆ ಬರೋದು, ಸದ್ದೇ ಬರದೇ ಇರೋದು ಬಹಳ ಸಲ ಅದರಿಂದಾನೇ.

ಪವರ್ ಸಪ್ಲೈ ಇನ್ನೊಂದು ಗಂಡಾಂತರ. ಆ್ಯಪಲ್ 2, ಬ್ರಿಟನ್ನಿನ ಬಿಬಿಸಿ ಮೈಕ್ರೋ ತರದ ಮಷೀನುಗಳಲ್ಲಿ ಕರೆಂಟ್ ಬರೋ ಕಡೆ ಪೇಪರ್ ಕೆಪಾಸಿಟರ್ ಇರತ್ತೆ, ಅದರ ಮೇಲಿನ ಪಾರದರ್ಶಕ ಕವಚ ಸೀಳು ಬಿಟ್ಟು ತೇವ ಹೀರ್ಕೊಂಡಿರತ್ತೆ, ಪ್ಲಗ್ ಹಾಕಿ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ. ಕಮೊಡೋರ್ 64ರ ಜೊತೆ ಬಂದ ಇಟ್ಟಿಗೆಯಂಥ ಅಡಾಪ್ಟರ್ ಇದೆಯಲ್ಲ, ಅದು ಕೆಟ್ಟಾಗ 5 ವೋಲ್ಟ್ ಕೊಡೋ ಜಾಗದಲ್ಲಿ ಜಾಸ್ತಿ ಕೊಟ್ಟು ಮೆಮೊರಿ ಚಿಪ್ಪುಗಳನ್ನ ಸುಡತ್ತೆ. ಅದರಲ್ಲಿ ಅಂಟು ತುಂಬಿ ಮುಚ್ಚಿರೋದ್ರಿಂದ ರಿಪೇರಿನೂ ಕಷ್ಟ, ಹೊಸ ಅಡಾಪ್ಟರ್ ತಗೊಳ್ಳೋದೇ ಸರಿ. ಐಬಿಎಂ ಪಿಸಿಯಲ್ಲಿ ಟ್ಯಾಂಟಲಮ್ ಕೆಪಾಸಿಟರುಗಳು ಶಾರ್ಟ್ ಆಗ್ತವೆ, ಆದ್ರೆ ಅದು ಹುಡುಕಿ ಬದಲಾಯಿಸಬಹುದಾದ ಕೆಲಸ, ಹಾಗಾಗಿ ಡೆಡ್ ಆಗಿರೋ ಐಬಿಎಂ ಪಿಸಿ ನೋಡಿ ಗಾಬರಿ ಆಗ್ಬೇಡಿ. ಇನ್ನು 110 ವೋಲ್ಟ್ ದೇಶದಲ್ಲಿ ಮಾರಿದ ಮಷೀನನ್ನ 230 ವೋಲ್ಟ್‌ಗೆ ಹಾಕಿದ್ರೆ ಏನಾಗತ್ತೆ ಅಂತ ಹೇಳ್ಬೇಕಾಗಿಲ್ಲ, ಹಿಂದೆ ಲೇಬಲ್ ಇರತ್ತೆ, ಕೆಲವಕ್ಕೆ ಸಣ್ಣ ಕೆಂಪು ಸ್ವಿಚ್ ಇರತ್ತೆ, ಓದಿ. ಪರದೆ ಜೊತೆಗೇ ಇರೋ ಮಷೀನಾದ್ರೆ ನೀವಾಗೇ ಬಿಚ್ಚೋಕೆ ಹೋಗ್ಬೇಡಿ, ಪಿಕ್ಚರ್ ಟ್ಯೂಬಲ್ಲಿ ಪ್ಲಗ್ ತೆಗೆದ್ಮೇಲೂ ಹೈ ವೋಲ್ಟೇಜ್ ಉಳಿದಿರತ್ತೆ, ಗೊತ್ತಿರೋ ಮೆಕ್ಯಾನಿಕ್ ಹತ್ರ ತೆಗೆಸಿ.

ಇಷ್ಟೆಲ್ಲಾ ನೋಡಿದ್ಮೇಲೆ ಲೆಕ್ಕ ಹೇಗೆ ಹಾಕೋದು ಅಂತ ಒಂದು ಉದಾಹರಣೆ ಕೊಡ್ತೀನಿ, ದುಡ್ಡಿನ ಹೆಸರು ಬೇಡ, ಬರೀ ಅಂಕಿ ಇಟ್ಕೊಳ್ಳೋಣ. ನಿಮ್ಮ ಮಾಡೆಲ್ಲು, ಸರಿಯಾಗಿ ಓಡೋ ಸ್ಥಿತಿಯಲ್ಲಿ, ಕೀಬೋರ್ಡ್ ಮೌಸ್ ಸಮೇತ, ಮಾರಾಟ ಆದವುಗಳ ಮಧ್ಯದ ಬೆಲೆ 100 ಅಂದ್ಕೊಳ್ಳಿ. ನಿಮ್ಮದಕ್ಕೆ ಕೀಬೋರ್ಡ್ ಇಲ್ಲ, ಅದೇ ಕಂಪನಿಯ ಅದೇ ಕಾಲದ ಕೀಬೋರ್ಡ್ ಬೇರೆಯಾಗಿ ತಗೊಳ್ಳೋಕೆ 20 ಆಗತ್ತೆ ಅಂದ್ರೆ ಉಳಿದಿದ್ದು 80. ಕೆಪಾಸಿಟರ್ ಬದಲಾಯಿಸೋದಕ್ಕೆ ರಿಪೇರಿಯವರು 15 ಕೇಳ್ತಾರೆ, 65. ಈಗ ರಿಪೇರಿ ಆಗೋದು ಖಚಿತ ಅಲ್ಲ, ತಗೊಳ್ಳೋನು ಆ ಅಪಾಯ ತನ್ನ ಮೇಲೆ ಹಾಕ್ಕೋತಾನೆ, ಅದಕ್ಕೆ ಅವನು ಇನ್ನೊಂದಿಷ್ಟು ಕಳೀತಾನೆ, 45ಕ್ಕೆ ಬಂತು. ದೂರದವನಾದ್ರೆ ಪ್ಯಾಕಿಂಗು ಸಾಗಣೆ 15, ಅದನ್ನ ಅವನೂ ತನ್ನ ಲೆಕ್ಕದಲ್ಲೇ ಹಿಡಿದಿರ್ತಾನೆ. ಕೊನೆಗೆ ನಿಮ್ಮ ಕೈಗೆ 30 ಆಸುಪಾಸು. 100 ನೋಡಿದ ಕಣ್ಣಿಗೆ 30 ಅಂದ್ರೆ ಮೋಸ ಮಾಡ್ತಿದಾನೆ ಅನ್ನಿಸತ್ತೆ, ಆದ್ರೆ ಅವನು ನ್ಯಾಯವಾಗೇ ಕೇಳ್ತಿರಬಹುದು. ಅದೇ ನೀವೇ ಹತ್ತಿರದಲ್ಲಿ ಒಳ್ಳೇ ರಿಪೇರಿಯವರನ್ನ ಹಿಡಿದು, ಕೀಬೋರ್ಡ್ ಹುಡುಕಿ, ಓಡೋ ಸ್ಥಿತಿಗೆ ತಂದು, ಬಂದು ತಗೊಂಡು ಹೋಗೋನಿಗೆ ಮಾರಿದ್ರೆ 100 ಬರತ್ತೆ, 35 ಖರ್ಚು, ಕೈಗೆ 65. ಯಾವುದು ಅನುಕೂಲ ಅನ್ನೋದು ನಿಮ್ಮ ಪುರುಸೊತ್ತಿನ ಮೇಲೆ. ಮಷೀನು ಸಾಧಾರಣದ್ದಾದ್ರೆ, ಅಂದ್ರೆ ಓಡೋ ಸ್ಥಿತಿಯ ಬೆಲೆಯೇ ರಿಪೇರಿ ಖರ್ಚಿಗಿಂತ ಸ್ವಲ್ಪ ಮಾತ್ರ ಮೇಲಿದ್ರೆ, ರಿಪೇರಿಗೆ ಕೈ ಹಾಕಬೇಡಿ, ಹಾಗೇ ಮಾರಿ.

ಟೆಸ್ಟ್ ಮಾಡಿಲ್ಲ ಅಂತ ಬರೆದು ಮಾರೋ ಅಭ್ಯಾಸ ತುಂಬಾ ಜನಕ್ಕಿದೆ. ತಗೊಳ್ಳೋನು ಅದನ್ನ ಓದೋದು ಆನ್ ಮಾಡಿ ನೋಡಿದ್ರು, ಆಗ್ಲಿಲ್ಲ ಅಂತ. ಅದರ ಬದಲು "ಆನ್ ಮಾಡಿಲ್ಲ, ಬ್ಯಾಟರಿ ತೆಗೆದಿದೀನಿ, ಬೋರ್ಡಿನ ಫೋಟೋ ಹಾಕಿದೀನಿ ನೋಡಿ" ಅಂತ ಬರೆದು, ಬ್ಯಾಟರಿ ಇದ್ದ ಜಾಗದ ಹತ್ತಿರದ ಫೋಟೋ, ಹಿಂದಿನ ಲೇಬಲ್, ಸೀರಿಯಲ್ ನಂಬರು, ಎಲ್ಲಾ ಪೋರ್ಟುಗಳು, ಒಡಕು ಸೀಳು ಏನಿದ್ರೂ ಅದನ್ನೂ ತೋರ್ಸಿದ್ರೆ ನಂಬಿಕೆ ಬರತ್ತೆ, ಆ ನಂಬಿಕೆಗೆ ದುಡ್ಡು ಕೊಡ್ತಾರೆ. ಓಡ್ತಿದ್ರೆ ಪರದೆ ಮೇಲೆ ಪೂರ್ತಿ ಬೂಟ್ ಆಗಿರೋ ಫೋಟೋ.

ಪ್ಲಾಸ್ಟಿಕ್ ಹಳದಿ ತಿರುಗಿದ್ರೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡೋ ವಿಧಾನ ಇದೆ, ಆದ್ರೆ ಸಮನಾಗಿ ಹಚ್ಚದಿದ್ರೆ ಪಟ್ಟೆ ಪಟ್ಟೆ ಆಗಿ ಮೊದಲಿಗಿಂತ ಹಾಳಾಗಿ ಕಾಣತ್ತೆ. ಮಾರೋರು ಅದನ್ನ ಹಾಗೇ ಬಿಡೋದು ವಾಸಿ, ಬೇಕಾದ್ರೆ ತಗೊಂಡೋರು ಮಾಡ್ಕೋತಾರೆ. ಪೇಂಟ್ ಅಂತೂ ಹೊಡೀಲೇಬೇಡಿ.

ಮಷೀನಿಗಿಂತ ಅದರ ಜೊತೆ ಇರೋದಕ್ಕೆ ಬೆಲೆ ಜಾಸ್ತಿ ಇರೋ ಸಂದರ್ಭಗಳೂ ಇವೆ, ಇದನ್ನ ಜನ ನಂಬಲ್ಲ. 1985ರಲ್ಲಿ ಬಂದ ಐಬಿಎಂ ಮಾಡೆಲ್ ಎಂ ಕೀಬೋರ್ಡ್, ಪ್ರತಿ ಕೀ ಒತ್ತಿದಾಗ್ಲೂ ಒಳಗೆ ಸ್ಪ್ರಿಂಗ್ ಬಗ್ಗಿ ಟಕ್ ಅಂತ ಸದ್ದು ಬರೋದು, ಇವತ್ತೂ ಅದರಲ್ಲೇ ಟೈಪ್ ಮಾಡ್ತೀನಿ ಅನ್ನೋರಿದಾರೆ, ಅದಕ್ಕೆ ತನ್ನದೇ ಮಾರ್ಕೆಟ್ ಇದೆ. ಹೆಸರಿಲ್ಲದ ಬೂದು ಡಬ್ಬಿಯೊಳಗೆ ಗ್ರಾವಿಸ್ ಅಲ್ಟ್ರಾಸೌಂಡ್ ಅನ್ನೋ ಸೌಂಡ್ ಕಾರ್ಡೋ, ಮೊದಲ ಕಾಲದ ಆ್ಯಡ್‌ಲಿಬ್ ಸೌಂಡ್ ಕಾರ್ಡೋ, ತ್ರೀಡಿಎಫ್ಎಕ್ಸ್ ಕಂಪನಿಯ ವೂಡೂ ಗ್ರಾಫಿಕ್ಸ್ ಕಾರ್ಡೋ ಕೂತಿರಬಹುದು. ಆ ಕಂಪನಿ 2000ದ ಕೊನೆಗೆ ಮುಳುಗ್ತು, ಅದರ ಆಸ್ತಿ ಎನ್‌ವಿಡಿಯಾ ಪಾಲಾಯ್ತು, ಇವತ್ತು ಆ ಕಾಲದ ಗೇಮ್ ಆಡಬೇಕು ಅನ್ನೋರು ವೂಡೂ 5 5500 ಕಾರ್ಡ್ ಹುಡುಕ್ಕೊಂಡು ಅಲೀತಾರೆ. ಗುಜರಿಗೆ ಹೋಗೋ ಎಷ್ಟು ಡಬ್ಬಿಗಳ ಹಿಂಭಾಗದ ಸ್ಲಾಟನ್ನ ಯಾರಾದ್ರೂ ಬಗ್ಗಿ ನೋಡಿರ್ತಾರೆ? ಮ್ಯಾನುಯಲ್ಲು, ಫ್ಲಾಪಿಗಳು, ಹಳೇ ರಟ್ಟಿನ ಡಬ್ಬ, ತಗೊಂಡ ರಸೀದಿ, ಯಾವುದನ್ನೂ ಬಿಸಾಡಬೇಡಿ. ಯಾರು ತಗೊಂಡಿದ್ರು, ಎಲ್ಲಿ ಬಳಸ್ತಿದ್ರು ಅನ್ನೋದಕ್ಕೆ ಕಾಗದದ ದಾಖಲೆ ಇದ್ರೆ ಬೆಲೆಗೆ ಅದೂ ಸೇರತ್ತೆ.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಬಿಡಿ ಭಾಗ ಬೇರೆ ಬೇರೆ ಮಾರಿದ್ರೆ ಒಟ್ಟು ಜಾಸ್ತಿ ಬರತ್ತೆ ಅನ್ನೋದು ಬಹಳ ಸಲ ನಿಜ, ಅದಕ್ಕೇ ಚೆನ್ನಾಗಿರೋ ಮಷೀನುಗಳನ್ನ ಕೋಳಿ ಪುಕ್ಕ ಕಿತ್ತ ಹಾಗೆ ಕಿತ್ತು ಮಾರೋರಿದಾರೆ. 1995ರ ಪೆಂಟಿಯಂ ಪ್ರೋ ತರದ ಸೆರಾಮಿಕ್ ಪ್ರೊಸೆಸರುಗಳನ್ನ ಬರೀ ಒಳಗಿನ ಚಿನ್ನಕ್ಕೋಸ್ಕರ ರಾಶಿ ರಾಶಿ ಆ್ಯಸಿಡ್ಡಿಗೆ ಹಾಕಿದಾರೆ. ನನಗೆ ಹೊಟ್ಟೆ ಉರಿಯತ್ತೆ. ಮೊದಲೇ ಕೆಟ್ಟು ಹೋಗಿರೋದನ್ನ ಬಿಚ್ಚಿ ಮಾರಿ, ಅದರಿಂದ ಇನ್ನೊಂದು ಮಷೀನು ಬದುಕತ್ತೆ, ತಪ್ಪೇನಿಲ್ಲ. ಆದ್ರೆ ಪೂರ್ತಿಯಾಗಿರೋ, ಓಡೋ ಮಷೀನನ್ನ ಸ್ವಲ್ಪ ಹೆಚ್ಚಿನ ಕಾಸಿಗೆ ಬಿಚ್ಚಬೇಡಿ. ಒಂದು ಸಲ ಚದುರಿದ್ರೆ ಅದು ಮತ್ತೆ ಒಂದಾಗಲ್ಲ.

ಎಲ್ಲಾ ಹಳೇ ಡೆಸ್ಕ್‌ಟಾಪಿಗೂ ಬೆಲೆ ಇದೆ ಅಂತ ನಾನು ಹೇಳ್ತಿಲ್ಲ. 2000ದ ನಂತರದ ಸಾಧಾರಣ ಪೆಂಟಿಯಂ 4 ಆಫೀಸ್ ಡಬ್ಬಿಗಳು ಇನ್ನೂ ಲೆಕ್ಕ ಇಲ್ಲದಷ್ಟಿವೆ, ಆ ಕಾಲದ ಬೋರ್ಡುಗಳಲ್ಲಿ ಕೆಟ್ಟ ಕೆಪಾಸಿಟರ್ ಹಾವಳಿ ಬೇರೆ, ಮೇಲೆ ಉಬ್ಬಿ ಕಂದು ರಸ ಕಾರಿರತ್ತೆ. ಅವಕ್ಕೆ ಸದ್ಯಕ್ಕೆ ಹೇಳ್ಕೊಳ್ಳೋ ಬೆಲೆ ಇಲ್ಲ. ಆದ್ರೆ ಸದ್ಯಕ್ಕೆ ಅನ್ನೋದನ್ನ ಗಮನಿಸಿ. ಚಿಕ್ಕ ವಯಸ್ಸಲ್ಲಿ ಯಾವ ಮಷೀನಲ್ಲಿ ಆಡಿದ್ರೋ ಅದನ್ನ ಜನ ಕೈಯಲ್ಲಿ ನಾಲ್ಕು ಕಾಸು ಓಡಾಡೋ ವಯಸ್ಸಿಗೆ ಬಂದಾಗ ಹುಡುಕ್ತಾರೆ. ಯಾರೂ ಮೂಸಿ ನೋಡದೇ ಇದ್ದ ಹಳೇ ಕಾಲದ ಕಾರ್ಡು ಸಿಕ್ಕಿಸೋ ಐಎಸ್ಎ ಸ್ಲಾಟಿನ 486, ಪೆಂಟಿಯಂ ಡಬ್ಬಿಗಳನ್ನ ಈಗ ಡಾಸ್, ವಿಂಡೋಸ್ 98 ಕಾಲದ ಗೇಮ್‌ಗೋಸ್ಕರ ಕೇಳ್ಕೊಂಡು ಬರ್ತಾರೆ. ಒಣಗಿದ ಜಾಗ ಇದ್ರೆ, ಬ್ಯಾಟರಿ ತೆಗೆದು ಇಟ್ಕೊಳ್ಳಿ, ಜಾಗ ಇಲ್ಲದಿದ್ರೆ ಅಸಲಿಗೆ ಬಳಸೋ ಯಾರಿಗಾದ್ರೂ ಕೊಡಿ.

ಸಾಗಣೆ ಬಗ್ಗೆ ಎರಡು ಮಾತು. ಪಿಕ್ಚರ್ ಟ್ಯೂಬ್ ಇರೋ ಮಷೀನನ್ನ ಕೊರಿಯರಲ್ಲಿ ಕಳ್ಸೋದು ಬಹಳ ಅಪಾಯ, ಟ್ಯೂಬಿನ ಹಿಂದಿನ ಕತ್ತು ತುಂಬಾ ನಾಜೂಕು, ಒಂದು ಏಟು ಬಿದ್ರೆ ಮುರಿದು ಪರದೆ ಸತ್ತುಹೋಗತ್ತೆ, ಹೊರಗಿನ ಡಬ್ಬ ನೋಡಿದ್ರೆ ಏನೂ ಆಗೇ ಇಲ್ಲ ಅನ್ನಿಸತ್ತೆ. ಕಳ್ಸಲೇಬೇಕಾದ್ರೆ ಡಬ್ಬದೊಳಗೆ ಡಬ್ಬ, ಮಧ್ಯ ನಾಲ್ಕೂ ಕಡೆ ಗಟ್ಟಿ ಫೋಮ್. ದೂರದವನು ಕೊಡೋ ದೊಡ್ಡ ಬೆಲೆಗಿಂತ ಗಾಡಿ ತಂದು ತಗೊಂಡು ಹೋಗೋನು ಕೊಡೋ ಸ್ವಲ್ಪ ಕಮ್ಮಿ ಬೆಲೆಯೇ ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ.

ಹಾರ್ಡ್ ಡಿಸ್ಕ್ ಹಾಗೇ ಕೊಡಬೇಡಿ, ಸುತ್ತಿಗೆಯಲ್ಲಿ ಒಡೀಲೂಬೇಡಿ. ಅದರಲ್ಲಿ ನಿಮ್ಮ ಮನೆಯವರ ಪತ್ರ, ಲೆಕ್ಕ, ಫೋಟೋ ಇರಬಹುದು, ಜೊತೆಗೆ ಇವತ್ತು ಬೇರೆಲ್ಲೂ ಸಿಗದ ಯಾವುದೋ ಸಾಫ್ಟ್‌ವೇರೂ ಇರಬಹುದು. ಗೊತ್ತಿರೋರಿಂದ ಪೂರ್ತಿ ಕಾಪಿ ತೆಗೆಸಿ ನಿಮ್ಮದನ್ನ ನೀವಿಟ್ಕೊಂಡು, ಖಾಸಗಿ ಫೈಲು ಪೂರ್ತಿ ಅಳಿಸಿ, ಆಪರೇಟಿಂಗ್ ಸಿಸ್ಟಮ್ ಇರೋ ಹಾಗೆ ಕೊಟ್ರೆ ತಗೊಳ್ಳೋನಿಗೂ ಅದು ಬೇಕು.

ಈಗ ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ. ಹರಾಜಿನ ಸುದ್ದಿ ಹಾಕಬೇಡಿ ಅಂತ ನಾನು ಹೇಳ್ತಿಲ್ಲ, ಹಾಕಿ, ನಾನೂ ಆಸೆಯಿಂದ ಓದ್ತೀನಿ. ಆದ್ರೆ ಹಾಕುವಾಗ ಆ ಮಷೀನು ಎಷ್ಟು ಮಾಡಿದ್ರು, ಎಷ್ಟು ಉಳಿದಿದೆ, ಓಡ್ತಿತ್ತಾ, ಜೊತೆಗೆ ಏನೇನಿತ್ತು ಅನ್ನೋ ಎರಡು ಸಾಲು ಸೇರಿಸಿ. ಅದೇ ಕಾಲದ ಸಾಧಾರಣ ಮಷೀನು ಮಾರಾಟ ಆದ ಬೆಲೆಯನ್ನೂ ಪಕ್ಕದಲ್ಲಿ ಒಂದು ಸಣ್ಣ ಬಾಕ್ಸಲ್ಲಿ ಕೊಡಿ, ಓದೋರಿಗೆ ಅಂದಾಜು ಸಿಗತ್ತೆ. ಹಾಗೇ ಇ-ತ್ಯಾಜ್ಯ ವಿಲೇವಾರಿ ಬಗ್ಗೆ ಬರೆಯೋ ಲೇಖನಗಳಲ್ಲಿ ಹಳೇ ಕಂಪ್ಯೂಟರ್ ಕೊಡೋ ಮುಂಚೆ ಹಿಂದಿನ ಲೇಬಲ್ ಒಂದು ಸಲ ಓದಿ, ಮಾಡೆಲ್ ನಂಬರ್ ಹುಡುಕಿ ನೋಡಿ, ಒಳಗಿನ ಬ್ಯಾಟರಿ ತೆಗೆಸಿ ಅನ್ನೋದನ್ನೂ ಸೇರಿಸಿ. ಗುಜರಿ ವ್ಯಾಪಾರದವರೂ ನಿಮ್ಮ ಪತ್ರಿಕೆ ಓದ್ತಾರೆ, ಅವರಿಗೂ ಇದು ಉಪಯೋಗಾನೇ, ತೂಕಕ್ಕೆ ತಗೊಂಡಿದ್ರಲ್ಲಿ ಒಂದು ಎಸ್ಇ/30 ಇದ್ರೆ ಅದನ್ನ ಒಡೆಯೋದಕ್ಕಿಂತ ಸಂಗ್ರಾಹಕರಿಗೆ ಕೊಟ್ರೆ ಅವರಿಗೇ ಲಾಭ.

ನಿಮ್ಮ ಯಾರಾದ್ರೂ ವರದಿಗಾರರು ಈ ವಿಷಯ ಬರೀತೀನಿ ಅಂದ್ರೆ ಬೋರ್ಡು ಬಿಚ್ಚಿ ಸೋರಿದ ಬ್ಯಾಟರಿ, ಸೋರದೇ ಇರೋ ಬ್ಯಾಟರಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸೋಕೆ ನಾನು ತಯಾರಿದೀನಿ, ಫೋಟೋ ತೆಗೆದು ದೊಡ್ಡದಾಗಿ ಹಾಕಿ.

ಇಂತಿ,
ನಿಮ್ಮ ಓದುಗ